ಮೋಟಾರಿಗೆ ಮನೆವೈದ್ಯ

ಮನುಷ್ಯನಿಗೆ ಜಾಡ್ಯ ಬಂದಾಗ ವೈದ್ಯನಾದವನು ಮೊದಲು ನಾಡಿಯನ್ನು ಹಿಡಿಯುತ್ತಾನೆ, ನಾಲಗೆಯನ್ನು ನೋಡುತ್ತಾನೆ, ರಾತ್ರಿ ನಿದ್ರೆ ಬಂದಿತೇ, ಹಸಿವು ಹೇಗಿದೆ ಎಂದು ವಿಚಾರಿಸುತ್ತಾನೆ. ಔಷಧದ ಮಾತು ಬರುವುದು ಅನಂತರ. ಯಂತ್ರಕ್ಕೆ ಜಾಡ್ಯ ಬಂದಾಗಲಾದರೋ ನಮ್ಮಲ್ಲಿ ಬಹುಮಂದಿ ಈ ಕ್ರಮವನ್ನು ತಲೆಕೆಳಗು ಮಾಡುವುದುಂಟು. ಔಷಧವನ್ನು ಮೊದಲು ಕೊಂಡುತರುತ್ತಾರೆ. ಅದು ಫಲಿಸದಿದ್ದರೆ ಇನ್ನೊಂದನ್ನು ತರುತ್ತಾರೆ. ಕೈಯ ಹಣವೆಲ್ಲ ಕರಗಿದ ಮೇಲೆ, ರೋಗ ಯಾವುದಿರಬಹುದೆಂದು ಯೋಚಿಸಲು ಕುಳಿತುಕೊಳ್ಳುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹದಿನಾಲ್ಕು ವರ್ಷಗಳಿಂದ ಮನೆಯಲ್ಲಿ ಸಾಕಿಕೊಂಡು ಬಂದಿರುವ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇರೊಂದು ದೊರೆತಿಲ್ಲ. ಈ ಪಾಠವು ಕಾರಿದ್ದವರಿಗೆ ಮಾತ್ರವೇ ಸಲ್ಲತಕ್ಕದ್ದಲ್ಲ. ಹೊಲಿಗೆಯ ಯಂತ್ರ, ನೀರೆತ್ತುವ ಪಂಪು, ಸೈಕಲ್ಲು, ಗೋಡೆಯ ಗಡಿಯಾರ ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಯಾವುದುಂಟು? ಆದಕಾರಣ ನಮ್ಮ ಅನುಭವದ ಕೆಲವು ಮಾತುಗಳನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ನಾವು ಮೈಸೂರಿನವರು, ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿಗೆ ಬಂದು ಆಕ್ಸ್‌ಫರ್ಡ್ ಸೀಮೆಯಲ್ಲಿ ನೆಲೆಸಿದವರು. ನಮ್ಮ ಕಾರು 1970ನೆಯ ಇಸವಿಯಲ್ಲಿ ತಯಾರಾದ ಎಂ. ಜಿ. ಬಿ. ಎಂಬ ಜಾತಿಯದು. ಅದಕ್ಕೆ ಎರಡೇ ಆಸನಗಳು. ಮೇಲೆ ಮಡಿಸಿಡಬಹುದಾದ ಬಟ್ಟೆಯ ಮುಚ್ಚಳ. ಎಂ. ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ನಗರದ ಆ ಅಂಗಡಿಯಲ್ಲಿ ಸೆಸಿಲ್ ಕಿಂಬರ್ ಎಂಬಾತನು ಸಾಧಾರಣವಾದ ಮಾರಿಸ್ ಕಾರುಗಳಿಗೆ ಅಂದವಾದ ಮೈಕಟ್ಟನ್ನು ತೊಡಿಸಿ ಮಾರತೊಡಗಿದುದೇ ಈ ವಂಶದ ಮೂಲ. 1929ರಲ್ಲಿ ಕೆಲಸವು ಸಮೀಪದ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಗೆ ಹೋಯಿತು. ಎಂ. ಜಿ. ಬಿ. ಕಾರು ಅಲ್ಲಿ 1962ರಿಂದ 1980ರವರೆಗೆ ತಯಾರಾಗಿ ಐದು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಲೋಕದ ಮೇಲೆ ಹರಡಿತು. 1980ರ ಅಕ್ಟೋಬರಿನಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಇಂದು ಭಾರತದ ಬೀದಿಗಳಲ್ಲಿ ಎಂ. ಜಿ. ಎಂಬ ಹೆಸರಿನ ಹೊಸ ಕಾರುಗಳು ಓಡಾಡುತ್ತಿವೆಯಷ್ಟೆ. ಅವಕ್ಕೂ ಇದಕ್ಕೂ ಇರುವ ನಂಟು ಹೆಸರಿನದು ಮಾತ್ರ.

ಕನ್ನಡ ನಾಡಿನವರಿಗೆ ಈ ಕಾರು ತೀರ ಪರಕೀಯವೆಂದು ಹೇಳಲಾಗದು. ಇದರ 1798 ಘನ ಸೆಂಟಿಮೀಟರಿನ ಇಂಜಿನು ಬಿ ಮಾಲಿಕೆ ಎಂದು ಹೆಸರಾದ ಇಂಜಿನುಗಳ ಕುಟುಂಬಕ್ಕೆ ಸೇರಿದುದು. ಬಹುಕಾಲ ನಮ್ಮ ಅಂಬಾಸಡರ್ ಕಾರನ್ನು ಎಳೆದ 1489 ಘನ ಸೆಂಟಿಮೀಟರಿನ ಪೆಟ್ರೋಲು ಇಂಜಿನು ಅದೇ ಕುಟುಂಬದ ಹಿರಿಯ ಕೂಸು. ಮೈಸೂರಿನ ರೈಲ್ವೆ ನಿಲ್ದಾಣದ ಮುಂದೆ ಬಾನೆಟ್ಟನ್ನು ಎತ್ತಿ, ಬೀಡಿಯನ್ನು ದೂರ ಎಸೆದು, ಒಂದು ಸ್ಕ್ರೂಡ್ರೈವರಿನಿಂದ ಲೋಕವನ್ನೇ ಸರಿಪಡಿಸುತ್ತಿದ್ದ ಟ್ಯಾಕ್ಸಿಯವರನ್ನು ನಾವು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇವೆ. ನಮ್ಮ ಕಾರಿನ ಬಾನೆಟ್ಟನ್ನು ಮೊದಲ ಸಲ ಎತ್ತಿದಾಗ ಕಂಡ ಮುಖವು ಆ ಪರಿಚಯದ ಮುಖವೇ ಆಗಿದ್ದಿತು. ಪರದೇಶದಲ್ಲಿ ಊರಿನವರೊಬ್ಬರು ಸಿಕ್ಕಂತಾಯಿತು.

ಈ ಕಾರನ್ನು ಮನೆಯಲ್ಲಿಯೇ ನೋಡಿಕೊಳ್ಳುವುದಕ್ಕೆ ಹಣದ ಉಳಿತಾಯವೊಂದೇ ಕಾರಣವಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರುಗಳನ್ನು ಪ್ರತಿ ವರ್ಷವೂ ಸರಕಾರದ ಒಪ್ಪಿಗೆ ಪಡೆದ ಪರೀಕ್ಷಾಶಾಲೆಗೆ ಒಯ್ದು ತೋರಿಸಬೇಕು. ಆದರೆ 2018ನೆಯ ಇಸವಿ ಮೇ 20ರಿಂದ, ನಲವತ್ತು ವರ್ಷ ಮೀರಿದ ಮತ್ತು ಹಿಂದಿನ ಮೂವತ್ತು ವರ್ಷಗಳಲ್ಲಿ ಮುಖ್ಯವಾದ ಅಂಗಗಳು ಹೆಚ್ಚಾಗಿ ಬದಲಾಗದ ವಾಹನಗಳಿಗೆ ಈ ಕಡ್ಡಾಯದ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಬೇಕೆಂದವರು ತಾವಾಗಿಯೇ ಪರೀಕ್ಷೆ ಮಾಡಿಸಿಕೊಳ್ಳಬಹುದು, ಬೇಡವೆಂದವರನ್ನು ಕೇಳುವವರಿಲ್ಲ. ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾತ್ರ ಯಜಮಾನನ ತಲೆಯ ಮೇಲೆಯೇ ಉಳಿಯಿತು. ಇದನ್ನು ಕೇಳಿ ಹಳೆಯ ಕಾರಿನ ಒಡೆಯರನೇಕರು ಸಂತೋಷಪಟ್ಟರು. ನಮಗಾದರೋ, ಅಂದಿನಿಂದ ಭಾರ ಹೆಚ್ಚಿದಂತೆ ತೋರಿತು. ವರ್ಷಕ್ಕೊಮ್ಮೆ ಪರರ ಕಣ್ಣು ಕಾಣುತ್ತಿದ್ದುದನ್ನು ಇನ್ನು ಮೇಲೆ ನಮ್ಮ ಕಣ್ಣೇ ಕಾಣಬೇಕು. ಕಾಣದೆ ಹೋದರೆ ಅದರ ಫಲವನ್ನು ಉಣ್ಣುವವರು ಪಕ್ಕದ ಆಸನದಲ್ಲಿ ನಂಬಿ ಕುಳಿತವರು, ಇಲ್ಲವೆ ಎದುರಿನಿಂದ ಬರುವ ಅಪರಿಚಿತರು.

ಇನ್ನು ಉಪಕರಣಗಳ ವಿಚಾರ. ಅವು ಬಹಳ ಬೇಕಾಗಿಲ್ಲ. ಈ ಕಾರಿನ ಬೋಲ್ಟುಗಳೆಲ್ಲ ಅಂಗುಲದ ಲೆಕ್ಕದವು. ಮಿಲಿಮೀಟರಿನ ಸ್ಪಾನರು ಸರಿಯಾಗಿ ಹೊಂದದೆ ಬೋಲ್ಟಿನ ಮೂಲೆಗಳನ್ನು ತಿಂದುಹಾಕುವುದು. ಆದುದರಿಂದ ಅಂಗುಲದ ಸ್ಪಾನರುಗಳ ಒಂದು ಜೊತೆ, ಸಂದುಗಳನ್ನು ಅಳೆಯುವ ತೆಳುಪಟ್ಟಿಗಳು, 12 ವೋಲ್ಟಿನ ಸಣ್ಣ ದೀಪಕ್ಕೆ ಎರಡು ತಂತಿಗಳನ್ನು ಕಟ್ಟಿದ ಪರೀಕ್ಷಾದೀಪ, ಕಾರನ್ನು ಎತ್ತಿ ನಿಲ್ಲಿಸಲು ಗಟ್ಟಿಯಾದ ಉಕ್ಕಿನ ಆಸರೆಗಾಲುಗಳು, ತಯಾರಕರ ಕೈಪಿಡಿ, ಇವು ಸಾಕು. ಇವೆಲ್ಲಕ್ಕಿಂತ ಹೆಚ್ಚಿನದು ಒಂದು ನೋಟುಪುಸ್ತಕ. ಯಾವ ದಿನ ಏನು ಕಂಡೆವು, ಏನನ್ನು ಮುಟ್ಟಿದೆವು, ಅನಂತರ ಏನಾಯಿತು ಎಂಬುದನ್ನು ಅದರಲ್ಲಿ ಬರೆಯಬೇಕು. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ. ಮೂರನ್ನು ಒಟ್ಟಿಗೆ ಬದಲಿಸಿದ ಮೇಲೆ ಕಾರು ಓಡಿದರೆ ಯಾವುದರಿಂದ ಓಡಿತೆಂಬುದು ತಿಳಿಯದು. ಓಡದಿದ್ದರೆ ಹಳೆಯ ದೋಷಕ್ಕೆ ಹೊಸದೊಂದು ಸೇರಿತೇ ಎಂಬುದೂ ತಿಳಿಯದು.

ಕಾರು ಬೆಳಗ್ಗೆ ಎದ್ದು ಹೊರಡಲೊಲ್ಲದೆಂದು ಇಟ್ಟುಕೊಳ್ಳೋಣ. ಮೊದಲು ತಲೆದೀಪಗಳನ್ನು ಹಚ್ಚಿ ಸ್ಟಾರ್ಟರಿನ ಕೀಲಿಯನ್ನು ತಿರುಗಿಸಬೇಕು. ದೀಪಗಳು ಫಕ್ಕನೆ ಆರಿಹೋದರೆ ಬ್ಯಾಟರಿಯ ತುದಿಯಲ್ಲಿ ಎಲ್ಲಿಯೋ ಸಂಪರ್ಕ ಸಡಿಲಿದೆ, ಇಲ್ಲವೆ ಕಿಲುಬು ಹಿಡಿದಿದೆ. ದೀಪಗಳು ಮೆಲ್ಲನೆ ಮಂಕಾದರೆ ಬ್ಯಾಟರಿಯ ಶಕ್ತಿ ಕುಂದಿದೆ. ಅವು ಕಿಂಚಿತ್ತೂ ಮಂಕಾಗದೆ ಉರಿಯುತ್ತಿದ್ದರೆ ಸ್ಟಾರ್ಟರಿಗೆ ವಿದ್ಯುತ್ತೇ ಮುಟ್ಟುತ್ತಿಲ್ಲವೆಂದು ತಿಳಿಯಬೇಕು. ನೋಡಿ, ಒಂದು ಸ್ಪಾನರನ್ನೂ ಕೈಯಲ್ಲಿ ಹಿಡಿಯದೆ ಯಂತ್ರದ ಬಾಯಿಂದ ಇಷ್ಟು ಉತ್ತರವನ್ನು ಪಡೆದೆವು! ನಮ್ಮ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಆಸನಗಳ ಹಿಂದೆ, ನೆಲದ ಕೆಳಗೆ ಅಡಗಿ ಕುಳಿತಿವೆ; ಅವೆರಡನ್ನೂ ಒಂದು ದಪ್ಪ ತಂತಿ ಜೋಡಿಸುತ್ತದೆ. ಕಣ್ಣಿಗೆ ಬೀಳದ ಸ್ಥಳವಾದುದರಿಂದ ಅದನ್ನು ಜನ ಮರೆಯುತ್ತಾರೆ. ಮರೆತಲ್ಲಿಯೇ ಕಿಲುಬು ಬೆಳೆಯುತ್ತದೆ. ಅದನ್ನು ತೆಗೆದು ತಿಕ್ಕಿ, ವ್ಯಾಸಲೀನು ಸವರಿ ಮತ್ತೆ ಬಿಗಿದರೆ ಹೊಸ ಬ್ಯಾಟರಿಯ ಖರ್ಚು ಎಷ್ಟೋ ಸಲ ಉಳಿಯುವುದು. ಈ ಕೆಲಸದಲ್ಲಿ ಭೂಸಂಪರ್ಕದ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಕಟ್ಟಬೇಕು. ಆಗ ಸ್ಪಾನರು ಲೋಹಕ್ಕೆ ತಗುಲಿದರೂ ಕಿಡಿ ಹಾರುವ ಭಯವಿಲ್ಲ.

ಇಂಜಿನು ತಿರುಗುತ್ತದೆ, ಆದರೆ ಉಸಿರು ಹಿಡಿಯದು ಎಂದಾದರೆ ಕಿವಿಯನ್ನು ಉಪಯೋಗಿಸಬೇಕು. ಈ ಕಾರಿನ ಪೆಟ್ರೋಲು ಪಂಪು ಹಿಂಭಾಗದಲ್ಲಿ ಬಲಗಾಲಿಯ ಸಮೀಪದಲ್ಲಿದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಕೀಲಿಯನ್ನು ತಿರುಗಿಸಿದೊಡನೆ ಅದು ಹಲ್ಲಿಯು ಲೊಚಗುಟ್ಟುವಂತೆ ಟಕಟಕ ಎಂದು ಬೇಗಬೇಗನೆ ನುಡಿದು, ಕಾರ್ಬುರೇಟರಿನ ಬಟ್ಟಲುಗಳು ತುಂಬಿದೊಡನೆ ಮೌನವಾಗಬೇಕು. ನಿಲ್ಲದೆ ನುಡಿಯುತ್ತಿದ್ದರೆ ತೊಟ್ಟಿ ಬರಿದಾಗಿದೆ, ಇಲ್ಲವೆ ಪೆಟ್ರೋಲಿಗೆ ಬದಲು ಗಾಳಿಯನ್ನು ಹೀರುತ್ತಿದೆ, ಇಲ್ಲವೆ ಎಲ್ಲಿಯೋ ಪೆಟ್ರೋಲು ಸೋರುತ್ತಿದೆ. ಏನನ್ನೂ ನುಡಿಯದಿದ್ದರೆ ಅದಕ್ಕೆ ವಿದ್ಯುತ್ತು ಬಂದಿಲ್ಲ, ಇಲ್ಲವೆ ಅದರೊಳಗಿನ ಸಂಪರ್ಕದ ತುದಿಗಳು ಸುಟ್ಟಿವೆ. ಮರದ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಎಚ್ಚೆತ್ತು ಮನೆಯವರೆಗೆ ಕರೆದೊಯ್ಯುವುದೂ ಉಂಟು. ಆದರೆ ತಟ್ಟಿ ಎಬ್ಬಿಸಿದ ಪಂಪು ಗುಣವಾದ ಪಂಪಲ್ಲ. ಮನೆ ಸೇರಿದ ಮೇಲೆ ಅದನ್ನು ಬಿಚ್ಚಿ ನೋಡಲೇಬೇಕು.

ತಂತಿಗಳನ್ನು ಕಂಡು ಹೆದರುವವರಿಗೆ ಒಂದು ಸಮಾಧಾನ ಹೇಳುತ್ತೇವೆ. ಆ ಕಾಲದ ಇಂಗ್ಲಿಷ್ ಕಾರುಗಳಿಗೆ ವಿದ್ಯುತ್ ಸಾಮಾನುಗಳನ್ನು ಒದಗಿಸುತ್ತಿದ್ದ ಲ್ಯೂಕಾಸ್ ಕಂಪೆನಿಯ ತಂತಿಗಳಿಗೆ ಬಣ್ಣಗಳ ಭಾಷೆಯೊಂದುಂಟು. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರವಾಗಿ ಬರುವುದು, ಬಿಳಿಯದು ಕೀಲಿ ತಿರುಗಿಸಿದಾಗ ಜೀವ ಪಡೆಯುವುದು, ಹಸಿರು ಅದೇ ವಿದ್ಯುತ್ತು ಫ್ಯೂಸನ್ನು ದಾಟಿ ಬಂದದ್ದು, ಕಪ್ಪು ಭೂಸಂಪರ್ಕದ್ದು. ಈ ನಾಲ್ಕನ್ನು ತಿಳಿದವನಿಗೆ ಕಾಡು ಬಳ್ಳಿಯಂತಿದ್ದ ತಂತಿಯ ಹೊರೆ ಊರಿನ ಬೀದಿಗಳಂತೆ ತೋರತೊಡಗುವುದು. ಪರೀಕ್ಷಾದೀಪವನ್ನು ಹಿಡಿದು ಒಂದು ತುದಿಯಿಂದ ನಡೆದುಬಂದರೆ ಬೆಳಕು ಎಲ್ಲಿ ಆರಿತೋ ಅಲ್ಲಿಯೇ ದೋಷ.

ಭೂಸಂಪರ್ಕದ ಮಾತು ಬಂದುದರಿಂದ ಒಂದು ವಿಚಿತ್ರವನ್ನು ಹೇಳಬೇಕು. ಇಂಜಿನು ರಬ್ಬರಿನ ದಿಂಬುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಕಾರಿನ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಬೇಕು. ಅದು ಹರಿದರೆ, ಅಥವಾ ಗೇರುಪೆಟ್ಟಿಗೆಯನ್ನು ಇಳಿಸಿದವರು ಮತ್ತೆ ಕಟ್ಟಲು ಮರೆತರೆ, ಸ್ಟಾರ್ಟರಿನ ಮಹಾಪ್ರವಾಹವು ಬೇರೆ ದಾರಿಯನ್ನು ಹುಡುಕಿ ಚೋಕಿನ ತೆಳ್ಳನೆಯ ಉಕ್ಕಿನ ಎಳೆಯೊಳಗೆ ನುಗ್ಗುವುದು. ಚೋಕಿನ ಗುಂಡಿ ಕೈಸುಡುವಂತಾಗುವುದು. ಹೊಗೆ ಬರುವುದೂ ಉಂಟು. ಚೋಕನ್ನು ಬದಲಿಸಿದವನು ಇನ್ನೊಂದು ಚೋಕನ್ನೂ ಸುಟ್ಟುಕೊಳ್ಳುವನು. ಸಂಕಟ ತೋರುವ ಸ್ಥಳ ಒಂದು, ಅದರ ಕಾರಣ ಇರುವ ಸ್ಥಳ ಮತ್ತೊಂದು.

ಇದಕ್ಕೆ ನಮ್ಮವರ ಗಾದೆ ಬಲು ಚೆನ್ನಾಗಿ ಒಪ್ಪುತ್ತದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಂಜಿನಿನ ಜ್ವರಕ್ಕೆ ಬರೆಯನ್ನು ತಿನ್ನುವ ಎಮ್ಮೆ ಸಾಮಾನ್ಯವಾಗಿ ಕಾರ್ಬುರೇಟರು. ನಮ್ಮ ಮಿತ್ರರೊಬ್ಬರ ಕಾರು ಇದೇ ಜಾತಿಯದು. ನಿಂತಲ್ಲಿ ಅದು ಬೆಣ್ಣೆಯಂತೆ ಮೃದುವಾಗಿ ನಡೆಯುವುದು. ವೇಗ ಹೆಚ್ಚಿಸಲು ಹೋದರೆ ಕೆಮ್ಮಿ ಸೀನಿ ತಡವರಿಸುವುದು. ಅವರು ಅದನ್ನು ರಿಪೇರಿ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವರು ಕಾರ್ಬುರೇಟರುಗಳೆರಡನ್ನೂ ಬಿಚ್ಚಿ ಹೊಸ ಭಾಗಗಳನ್ನು ಹಾಕಿದರು, ಪಂಪನ್ನು ಬದಲಿಸಿದರು, ಕಾಯಿಲನ್ನು ಬದಲಿಸಿದರು. ಪಟ್ಟಿ ಉದ್ದವಾಯಿತು, ಕೆಮ್ಮು ಹಾಗೆಯೇ ಉಳಿಯಿತು. ಕಾರನ್ನು ಮಾರಿಬಿಡುವುದೆಂದು ನಿಶ್ಚಯಿಸಿ, ಮಾರುವ ಮುಂಚೆ ಒಮ್ಮೆ ನಮ್ಮ ಮನೆಗೆ ತಂದರು. ಅದು ಅವರ ತೀರಿಹೋದ ಹಿರಿಯಣ್ಣನ ಕಾರು. ಬೆಲೆಗಿಂತ ಬೇರೆಯಾದ ಬೆಲೆ ಅದಕ್ಕಿದ್ದಿತು.

ನಾವು ಕೇಳಿಕೊಂಡ ಪ್ರಶ್ನೆ ಇಷ್ಟೇ: ನಿಂತಾಗ ಇಲ್ಲದೆ ವೇಗ ಹೆಚ್ಚಿಸಿದಾಗ ಮಾತ್ರ ಅಲುಗುವ ವಸ್ತು ಯಾವುದು? ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳನ್ನು ಹೊತ್ತ ತಟ್ಟೆಯೊಂದಿದೆ. ಇಂಜಿನು ಹೀರುವ ಬಲಕ್ಕೆ ತಕ್ಕಂತೆ ಆ ತಟ್ಟೆ ಅತ್ತಿತ್ತ ಹೊರಳುತ್ತದೆ. ಅದರೊಡನೆ ಅದಕ್ಕೆ ಕಟ್ಟಿದ ಗೇಣುದ್ದವೂ ಇಲ್ಲದ ಮೆದುತಂತಿ ಬಾಗುತ್ತದೆ. ಐವತ್ತು ವರ್ಷ ಬಾಗಿದ ತಂತಿಯ ಮೇಲಿನ ಹೊದಿಕೆ ನೋಡುವುದಕ್ಕೆ ಸರಿಯಾಗಿಯೇ ಇದ್ದಿತು. ಒಳಗಿನ ಎಳೆಗಳು ಮಾತ್ರ ಮುರಿದಿದ್ದುವು. ತಟ್ಟೆ ಒಂದೆಡೆ ನಿಂತಿದ್ದಾಗ ಮುರಿದ ತುದಿಗಳು ತಾಗಿಕೊಂಡಿರುತ್ತಿದ್ದುವು, ತಟ್ಟೆ ಹೊರಳಿದಾಗ ಅಗಲುತ್ತಿದ್ದುವು. ಒಂದು ಊಟದ ಖರ್ಚೂ ಆಗದ ತಂತಿಯಿಂದ ಕೆಮ್ಮು ನಿಂತಿತು. ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಕಾರು ಇಂದಿಗೂ ಅವರಲ್ಲಿಯೇ ಇದೆ.

ಈ ತೊಂದರೆಗಳು ಹಳೆಯ ಭಾಗಗಳಿಗೆ ಮಾತ್ರ ಬರುವುವೆಂದು ತಿಳಿಯಬಾರದು. ಇತ್ತೀಚೆಗೆ ತಯಾರಾಗಿ ಬರುವ ಕೆಲವು ಕಂಡೆನ್ಸರುಗಳು ಬಿಸಿಯಾದೊಡನೆ ಕೈಕೊಡುತ್ತವೆ. ಕಿಡಿಯನ್ನು ಸುತ್ತಿಸುವ ರೋಟರಿನ ತೋಳುಗಳಲ್ಲಿಯೂ ಕೆಲವಕ್ಕೆ ಒಳಗಿನ ಮೊಳೆ ಉದ್ದವಾಗಿದ್ದು, ಕಿಡಿ ಅದರ ಮೂಲಕ ಕೆಳಕ್ಕೆ ಸೋರಿಹೋಗುತ್ತದೆ. ಆದುದರಿಂದ ಕೆಲಸ ಮಾಡುತ್ತಿರುವ ಹಳೆಯ ಭಾಗವನ್ನು ಹೊಸದರ ಆಸೆಯಿಂದ ಎಸೆಯಬಾರದು. ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲಿಯೇ ಇಟ್ಟುಕೊಂಡರೆ ದಾರಿಯಲ್ಲಿ ಆಪದ್ಬಂಧುವಾಗುವುದು.

ಕಿಡಿ ಸರಿಯಾಗಿದೆಯೆಂದು ಖಂಡಿತವಾದ ಮೇಲೆ ಕಾರ್ಬುರೇಟರಿಗೆ ಕೈ ಹಚ್ಚಬಹುದು. ಪಾಯಿಂಟುಗಳ ಸಂದು 0.014ರಿಂದ 0.016 ಅಂಗುಲ, ಸ್ಪಾರ್ಕ್ ಪ್ಲಗ್ಗಿನ ಸಂದು 0.025 ಅಂಗುಲ ಇರಬೇಕು. ಕವಾಟಗಳ ಸಂದು ಇಂಜಿನು ತಣ್ಣಗಿದ್ದಾಗ 0.015 ಅಂಗುಲ. ಕವಾಟಗಳು ಎಂಟು, ಅವುಗಳನ್ನು ಸರಿಪಡಿಸುವಾಗ ಒಂಬತ್ತರ ಲೆಕ್ಕವೆಂಬುದೊಂದುಂಟು. ಎಂಟನೆಯ ಕವಾಟ ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು ಅಳೆಯಬೇಕು. ಎರಡು ಅಂಕಿಗಳನ್ನು ಕೂಡಿದರೆ ಯಾವಾಗಲೂ ಒಂಬತ್ತೇ ಆಗಬೇಕು. ನಮ್ಮ ಮಗಳು ಬಾಲ್ಯದಲ್ಲಿ ಒಂಬತ್ತರ ಕೂಡುವ ಲೆಕ್ಕವನ್ನು ಕಲಿತದ್ದು ಪಾಠಶಾಲೆಯಲ್ಲಲ್ಲ, ಈ ಬಾನೆಟ್ಟಿನ ಕೆಳಗೆ.

ಕಾರ್ಬುರೇಟರುಗಳು ಎರಡು, ಎಸ್. ಯು. ಎಂಬ ಹೆಸರಿನವು. ಅವುಗಳನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರ ಮನೆತನದ ವ್ಯಾಪಾರ ಪಾದರಕ್ಷೆಗಳದು. ಮೊಟ್ಟಮೊದಲಿನವುಗಳಲ್ಲಿ ಚರ್ಮದ ತಿದಿಯೇ ಇದ್ದಿತೆಂಬುದು ಸ್ವಾರಸ್ಯವಾದ ಸಂಗತಿ. ಈಗಿನದರಲ್ಲಿ ಆ ತಿದಿಯ ಕೆಲಸವನ್ನು ಲೋಹದ ಕೊಂತವು ಮಾಡುತ್ತದೆ. ಅದನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ಕೆಂದು ಸ್ಪಷ್ಟವಾಗಿ ಕೆಳಗೆ ಬೀಳಬೇಕು. ಬೀಳದಿದ್ದರೆ ಒಳಗೆ ಕೊಳೆಯುಂಟು. ಇಂಜಿನು ಬಿಸಿಯಾಗಿ ನಡೆಯುತ್ತಿರುವಾಗ ಅಲ್ಲಿರುವ ಸಣ್ಣ ಕಡ್ಡಿಯಿಂದ ಕೊಂತವನ್ನು ಕೂದಲೆಳೆಯಷ್ಟು, ಎಂದರೆ ಮಿಲಿಮೀಟರಿಗೂ ಕಡಿಮೆ, ಎತ್ತಿ ನೋಡಬೇಕು. ವೇಗ ಏರಿ ಏರಿದಂತೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ಇಂಜಿನು ಸೋತು ನಿಂತರೆ ಕಡಿಮೆಯಾಗಿದೆ. ಕ್ಷಣಕಾಲ ಏರಿ ಮೊದಲಿನಂತಾದರೆ ಮಿಶ್ರಣ ಸರಿಯಾಗಿದೆ. ಪಾಕದ ಹದವನ್ನು ಎಳೆ ತೆಗೆದು ನೋಡುವ ಗೃಹಿಣಿಯರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಪೆಟ್ರೋಲಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಧಾರಣ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲು ಬೆರೆತಿರುತ್ತದೆ. ಹಳೆಯ ರಬ್ಬರಿಗೆ ಅದು ಶತ್ರು; ಕೊಳವೆಗಳು ಮೆತ್ತಗಾಗಿ ಬಿರುಕು ಬಿಡುತ್ತವೆ. ಬಿಸಿಯಾದ ಇಂಜಿನಿನ ಮೇಲೆ ಪೆಟ್ರೋಲು ಜಿನುಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಕೊಳವೆಗಳನ್ನು ಎಥನಾಲನ್ನು ತಡೆಯುವ ಜಾತಿಯವುಗಳಿಗೆ ಬದಲಿಸಿ, ಬಾನೆಟ್ಟು ಎತ್ತಿದಾಗಲೆಲ್ಲ ಅವನ್ನು ಬೆರಳಿನಿಂದ ಒತ್ತಿ ನೋಡಬೇಕು. ಕಿಡಿಯ ಪರೀಕ್ಷೆ ಮಾಡುವಾಗ ಪೆಟ್ರೋಲಿನ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

ಇಷ್ಟು ಹೊತ್ತು ಹೇಳಿದುದು ಹೊರಡಲೊಲ್ಲದ ಕಾರಿನ ಮಾತು. ಹೊರಡದ ಕಾರು ಯಾರನ್ನೂ ಕೊಲ್ಲುವುದಿಲ್ಲ. ನಿಲ್ಲಲೊಲ್ಲದ ಕಾರಿನ ಮಾತು ಬೇರೆ.

ಎರಡು ವರ್ಷಗಳ ಹಿಂದಿನ ಬೇಸಗೆಯಲ್ಲಿ ನಮ್ಮ ತಾಯಿಯವರು ಮೈಸೂರಿನಿಂದ ಬಂದಿದ್ದರು. ಅವರಿಗೆ ಆಗ ಎಪ್ಪತ್ತೆಂಟು ವರ್ಷ. ಮೊಮ್ಮಗಳು ಅಜ್ಜಿಯನ್ನು ಈ ಕಾರಿನಲ್ಲಿಯೇ ವೇಲ್ಸ್ ಪ್ರಾಂತದ ಅಬೆರಿಸ್ಟ್‌ವಿತ್ ಎಂಬ ಕಡಲತೀರದ ಊರಿಗೆ ಕರೆದೊಯ್ಯುವುದೆಂದು ಇಬ್ಬರೂ ಗುಟ್ಟಾಗಿ ನಿಶ್ಚಯಿಸಿಕೊಂಡಿದ್ದರು. ನೂರು ಮೈಲಿಗೂ ಮೀರಿದ ದಾರಿ. ಕೊನೆಯಲ್ಲಿ ಬೆಟ್ಟಗಳ ಏರಿಳಿತ. ಹೊರಡುವ ಹಿಂದಿನ ದಿನ ನಾವು ವಾಡಿಕೆಯಂತೆ ಕಾರನ್ನು ಐದಾರು ಮೈಲಿ ಓಡಿಸಿ ತಂದು, ನಾಲ್ಕು ಗಾಲಿಗಳ ನಡುವಿನ ಗುಂಬವನ್ನೂ ಎಚ್ಚರಿಕೆಯಿಂದ ಕೈಯಿಂದ ಮುಟ್ಟಿ ನೋಡಿದೆವು. ಮೂರು ಬೆಚ್ಚಗಿದ್ದುವು. ಮುಂದಿನ ಎಡಗಾಲಿಯದು ಕೈಯಿಡಲಾಗದಷ್ಟು ಬಿಸಿಯಾಗಿದ್ದಿತು. ಓಡಿಸುವಾಗ ಬ್ರೇಕಿನಲ್ಲಿ ಯಾವ ದೋಷವೂ ತಿಳಿದುಬಂದಿರಲಿಲ್ಲ.

ಕಾರನ್ನು ಎತ್ತಿ ಆಸರೆಗಾಲುಗಳ ಮೇಲೆ ನಿಲ್ಲಿಸಿದೆವು. ಆ ಗಾಲಿ ಸರಾಗವಾಗಿ ತಿರುಗದು. ಬ್ರೇಕು ಅದನ್ನು ಹಿಡಿದುಕೊಂಡೇ ಇದ್ದಿತು. ಈಗ ಪ್ರಶ್ನೆ: ಬ್ರೇಕಿನ ಕೊಂತವು ತುಕ್ಕಿನಿಂದ ಸಿಕ್ಕಿಕೊಂಡಿದೆಯೇ, ಇಲ್ಲವೆ ದ್ರವದ ಒತ್ತಡ ಹಿಂದಿರುಗದೆ ಒಳಗೆ ಸೆರೆಯಾಗಿದೆಯೇ? ಗಾಳಿ ಬಿಡುವ ತಿರುಪನ್ನು ಅಲ್ಪವಾಗಿ ಸಡಿಲಿಸಿದರೆ ಉತ್ತರ ದೊರೆಯುವುದು. ಸಡಿಲಿಸಿದೊಡನೆ ದ್ರವ ಚಿಮ್ಮಿ, ಗಾಲಿ ಬಿಡುಗಡೆಯಾಯಿತು. ಕೊಂತ ನಿರ್ದೋಷಿ, ಅಪರಾಧಿ ಅದಕ್ಕೆ ದ್ರವವನ್ನು ತರುವ ರಬ್ಬರಿನ ಕೊಳವೆ. ಹೊರಗೆ ಅದರ ಮೈ ನುಣುಪಾಗಿದ್ದರೂ ಒಳಗೋಡೆ ಊದಿಕೊಂಡು ದಾರಿ ಮುಚ್ಚಿದ್ದಿತು. ಕಾಲಿನ ಬಲಕ್ಕೆ ದ್ರವ ಮುಂದಕ್ಕೆ ನುಗ್ಗುವುದು, ಹಿಂದಕ್ಕೆ ಬರಲಾರದು. ನಮ್ಮ ಕಾರಿನಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಇರುವುದು ಒಂದೇ ದ್ರವಮಾರ್ಗ. ಇಂತಹ ಕೊಳವೆ ಬೆಟ್ಟದ ಇಳಿಜಾರಿನಲ್ಲಿ ಒಡೆದರೆ ಕಾಲಬ್ರೇಕು ಪೂರ್ತಿಯಾಗಿ ಹೋಗುವುದು; ಉಳಿಯುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಸಂಬಂಧಿಸಿದ ಕೈಬ್ರೇಕೊಂದೇ.

ಕೀಲಿಯನ್ನು ಕೊಡಲಾಗದೆಂದು ಹೇಳಿದಾಗ ಮಗಳ ಮುಖ ಬಾಡಿತು. ತಿಂಡಿಯ ಗಂಟನ್ನೂ ಕಟ್ಟಿಟ್ಟಿದ್ದ ನಮ್ಮ ತಾಯಿಯವರು ಮಾತ್ರ, "ನಿಮ್ಮ ತಾತ ಬಂಡಿ ಕಟ್ಟುವ ಮುಂಚೆ ಕಡೆಗೀಲನ್ನು ಮುಟ್ಟಿ ನೋಡದೆ ಯಾರನ್ನೂ ಹತ್ತಗೊಡುತ್ತಿರಲಿಲ್ಲ; ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಗಂಟನ್ನು ಬಿಚ್ಚಿ ಎಲ್ಲರಿಗೂ ಕೋಡುಬಳೆ ಹಂಚಿದರು.

ಇಲ್ಲಿಯೇ ಮನೆವೈದ್ಯದ ಎಲ್ಲೆಯನ್ನು ಹೇಳಬೇಕಾಗಿದೆ. ಈ ಕಾರಿಗೆ ಅಂತಹ ರಬ್ಬರು ಕೊಳವೆಗಳು ಮೂರು, ಮುಂದೆ ಎರಡು, ಹಿಂದೆ ಒಂದು. ಒಂದು ಮುದುಕಾಯಿತೆಂದರೆ ಜೊತೆಯವಕ್ಕೂ ಅದೇ ವಯಸ್ಸು. ಆದುದರಿಂದ ಮೂರನ್ನೂ ತರಿಸಿದೆವು. ಎರಡನ್ನು ನಾವೇ ಬದಲಿಸಿದೆವು. ಹಿಂದಿನದರಲ್ಲಿ ಲೋಹದ ನಳಿಗೆಯೂ ಅದರ ತಿರುಪೂ ತುಕ್ಕಿನಿಂದ ಒಂದಾಗಿಹೋಗಿದ್ದುವು. ಬಲವಂತ ಮಾಡಿದರೆ ನಳಿಗೆ ತಿರುಚಿಕೊಳ್ಳುವುದು. ಹೊಸ ನಳಿಗೆಯನ್ನು ಕತ್ತರಿಸಿ ಅದರ ತುದಿಯನ್ನು ಹೂವಿನಂತೆ ಅರಳಿಸುವ ಕೆಲಸಕ್ಕೆ ತಕ್ಕ ಉಪಕರಣವೂ ಪಳಗಿದ ಕೈಯೂ ಬೇಕು. ಅದಕ್ಕೆ ಕಸಬುದಾರರೊಬ್ಬರನ್ನು ಕರೆಸಿದೆವು. ಅವರ ಕೂಲಿಯನ್ನು ಕೊಡುವಾಗ ನಮಗೆ ಸ್ವಲ್ಪವೂ ವ್ಯಸನವಾಗಲಿಲ್ಲ. ಕೊನೆಗೆ ಬ್ರೇಕಿನ ದ್ರವವನ್ನೆಲ್ಲ ಹೊಸದಾಗಿ ತುಂಬಿ ಗಾಳಿಯನ್ನು ಹೊರಡಿಸಬೇಕು. ಆ ದ್ರವವು ಹವೆಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಸೇರಿದ ದ್ರವ ಬಿಸಿಯಲ್ಲಿ ಕುದಿದು ಆವಿಯಾದರೆ ಕಾಲಿನ ಕೆಳಗೆ ಪೆಡಲು ಹತ್ತಿಯಂತಾಗುವುದು. ಆದಕಾರಣ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಈ ಕೆಲಸಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲನ್ನು ಒತ್ತಬೇಕು, ಇನ್ನೊಬ್ಬರು ತಿರುಪನ್ನು ಬಿಚ್ಚಿ ಕಟ್ಟಬೇಕು. ಮಗಳು ತಿರುಪಿನ ಬಳಿ ಕುಳಿತಳು, ನಾವು ಪೆಡಲಿನ ಬಳಿ. "ಒತ್ತಿ", "ಬಿಡಿ" ಎಂಬ ಅವಳ ಅಪ್ಪಣೆಗಳನ್ನು ಒಂದು ಗಂಟೆಯ ಕಾಲ ಪಾಲಿಸಿದೆವು. ಆರನೆಯ ದಿನ ಅವಳು ಗಾಲಿಗಳನ್ನು ತಾನೇ ಮುಟ್ಟಿ ನೋಡಿ, ನಾಲ್ಕೂ ಸಮವಾಗಿವೆಯೆಂದು ನೋಟುಪುಸ್ತಕದಲ್ಲಿ ಬರೆದು, ಅಜ್ಜಿಯನ್ನು ಕೂರಿಸಿಕೊಂಡು ಹೊರಟಳು. ಸಂಜೆ ಕಡಲತೀರದಿಂದ ಇಬ್ಬರ ಚಿತ್ರವೂ ಬಂದಿತು. ಅಜ್ಜಿಯ ಸೀರೆಯ ಸೆರಗು ಗಾಳಿಯಲ್ಲಿ ಹಾರುತ್ತಿದ್ದಿತು.

ಇನ್ನೆರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇವೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಎಂದಿಗೂ ಒಡ್ಡಬಾರದು. ಎಂ. ಜಿ. ಬಿ. ಕಾರಿಗೆ ಬೇರೆಯಾದ ಚೌಕಟ್ಟಿಲ್ಲ. ಬಾಗಿಲುಗಳ ಕೆಳಗಿನ ಹೊಸ್ತಿಲಿನಂತಹ ಭಾಗಗಳೇ ಅದರ ಬೆನ್ನೆಲುಬು, ಜಾಕನ್ನು ಊರುವುದೂ ಅಲ್ಲಿಯೇ. ಬಣ್ಣದ ಕೆಳಗೆ ಅವು ತುಕ್ಕು ತಿಂದಿದ್ದರೆ ಜಾಕು ಒಳಕ್ಕೆ ತೂರಿ ಕಾರು ಕುಸಿಯುವುದು. ತಟ್ಟಿದರೆ ಗಟ್ಟಿ ಲೋಹ ಕಣ್ ಎನ್ನುವುದು, ತುಕ್ಕು ತಿಂದದ್ದು ಬುಸ್ಸೆನ್ನುವುದು. ಎರಡನೆಯದಾಗಿ, ಬ್ರೇಕು, ಚುಕ್ಕಾಣಿ, ಬೆನ್ನೆಲುಬಿನ ಬೆಸುಗೆ ಈ ಮೂರರಲ್ಲಿ ಕೈಗೆ ಪೂರ್ತಿ ನಂಬಿಕೆ ಬಾರದಿದ್ದರೆ ತಿಳಿದವರಿಗೆ ಒಪ್ಪಿಸತಕ್ಕದ್ದು. ನಾವು ಕಡ್ಡಾಯವಿಲ್ಲದಿದ್ದರೂ ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷಾಶಾಲೆಗೆ ಒಯ್ಯುತ್ತೇವೆ. ತನ್ನ ಮಗುವಿನ ಮುಖದ ಕಲೆ ತಾಯಿಗೆ ಕಾಣದಂತೆ, ತನ್ನ ಕಾರಿನ ದೋಷ ಒಡೆಯನಿಗೆ ಕಾಣದಿರಬಹುದು.

ಕೆಲಸವನ್ನು ತಾನೇ ಮಾಡುವುದೆಂದರೆ ಎಲ್ಲವನ್ನೂ ತಾನೇ ಮಾಡುವುದೆಂದು ಅರ್ಥವಲ್ಲ. ಯಂತ್ರದ ಮಾತನ್ನು ಕೇಳಿಸಿಕೊಳ್ಳುವುದು, ಒಂದೊಂದಾಗಿ ಪ್ರಶ್ನೆ ಹಾಕುವುದು, ಉತ್ತರ ಬರುವವರೆಗೆ ಅಂಗಡಿಗೆ ಓಡದಿರುವುದು, ಉತ್ತರ ತನ್ನ ಶಕ್ತಿಗೆ ಮೀರಿದ್ದಾದರೆ ಶಕ್ತರನ್ನು ಕರೆಯುವುದು, ಇಷ್ಟೇ ಅದರ ಅರ್ಥ. ಕಾನೂನು ಕಣ್ಣು ಮುಚ್ಚಿಕೊಂಡ ಕಡೆಯಲ್ಲಿ ಗೃಹಸ್ಥನ ಕಣ್ಣು ತೆರೆದಿರಬೇಕು. ನಿಮ್ಮ ಮನೆಯಲ್ಲಿರುವುದು ಯಾವ ಯಂತ್ರವೇ ಆಗಲಿ, ಅದು ಕೆಟ್ಟು ನಿಂತ ದಿನ ಮೊದಲು ಒಂದು ಲೋಟ ಕಾಫಿ ಕುಡಿದು, ಅದರ ಪಕ್ಕದಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತು ನೋಡಿ. ಅದು ಹೇಳಬೇಕಾದುದನ್ನು ಬಹುಮಟ್ಟಿಗೆ ಹೇಳಿಯೇ ಹೇಳುವುದು.